ರಮಾಮಣಿಯ ಮುಖದ ಕಳೆ

2025ರ ಜುಲೈ 14, ಸೋಮವಾರ, ಬೆಳಿಗ್ಗೆ ಹತ್ತು ನಲವತ್ತು. ಹಲಸೂರು ಕೆರೆಯ ಮಗ್ಗುಲಿನ ಕೆರೆಕೋಡಿ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿ ಬಂದ ಜಟ್ಟೆಮ್ಮನ ಸೀರೆ ಇನ್ನೂ ಒದ್ದೆಯಾಗಿತ್ತು. ಬಾಣಂತಿ ಮಗಳಿಗೆ ನೀರು ಹುಯ್ಯುತ್ತಿದ್ದವಳು ಉಟ್ಟ ಬಟ್ಟೆಯಲ್ಲೇ ಅವಳನ್ನು ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದ್ದಳು. ಅಲ್ಲಿನವರು ನಾಡಿ ಹಿಡಿದು ನೋಡಿ, "ಬರುವಾಗಲೇ ಉಸಿರಿರಲಿಲ್ಲಮ್ಮ" ಎಂದಿದ್ದರು. ಅಲ್ಲಿಂದ ನೇರವಾಗಿ ಇಲ್ಲಿಗೆ.

"ಸಾರ್, ನನ್ ಮಗಳ್ನ ಸಾಯಿಸ್ಬಿಟ್ಟ. ಅಳಿಯ ಅನ್ನಿಸ್ಕೊಂಡೋನು ವಿಷ ಹಾಕ್ಬಿಟ್ಟ!"

ಇನ್ಸ್‌ಪೆಕ್ಟರ್ ಅಂಜನಮೂರ್ತಿ ಎದ್ದು ಕುರ್ಚಿ ಎಳೆದುಕೊಟ್ಟರು. ದೊಡ್ಡನೆಕ್ಕುಂದಿಯಲ್ಲಿ ಇನ್ನೂ ರಾಗಿ ಹೊಲವಿದ್ದ ಕಾಲದಲ್ಲಿ ಹುಟ್ಟಿದವರು. ಇಪ್ಪತ್ತೆರಡು ವರ್ಷ ಖಾಕಿ ತೊಟ್ಟರೂ ಅಳುವವರ ಮುಂದೆ ಗಟ್ಟಿಯಾಗಿ ಮಾತಾಡಲು ಬಾರದ ಮನುಷ್ಯ. ಠಾಣೆಯವರೆಲ್ಲ ಹಿಂದಿನಿಂದ "ಮೆತ್ತನೆ ಮೂರ್ತಿ" ಎಂದು ಆಡಿಕೊಳ್ಳುತ್ತಿದ್ದರು. ಅಯ್ಯೋ ಪಾಪ ಅಂದರೆ ಅರ್ಧ ಆಯಸ್ಸು ಹೋಯಿತು ಅನ್ನುತ್ತಾರಲ್ಲ, ಆ ಮಾತು ಇವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಹೆಡ್ ಕಾನ್‌ಸ್ಟೆಬಲ್ ಮಾರಿಯಾ ನೀರು ತಂದುಕೊಟ್ಟಳು. ಜಟ್ಟೆಮ್ಮ ಕುಡಿಯಲಿಲ್ಲ.

"ಮಗಳ ಹೆಸರು?"

"ಪೂಜಿತಾ. ಇಪ್ಪತ್ತೆರಡು. ಇವತ್ತಿಗೆ ಹತ್ತೊಂಬತ್ತು ದಿನದ ಬಾಣಂತಿ."

"ಮದುವೆಯಾಗಿ?"

"ಎರಡು ವರ್ಷ."

"ಬೆಳಿಗ್ಗೆ ಏನಾಯ್ತು?"

"ಎಂಟೂವರೆಗೆ ಮೈಗೆ ಎಣ್ಣೆ ಹಚ್ಚಿ ಬಚ್ಚಲಿಗೆ ಕರ್ಕೊಂಡೋದೆ. ಚೆನ್ನಾಗಿ ಹುಯ್ದೆ. ಬೆನ್ನಿಗೆ ಬಿಸಿನೀರು ಸುರೀತಾ ಇರ್ಲಿ, ಹಂಗೇ ಕೂತಿರು ಅಂದು, ಬಾಗಿಲು ಎಳ್ಕೊಂಡು ಮಗೂ ನೋಡೋಕೆ ಬಂದೆ. ನಂಗೂ ತಲೆ ಸುತ್ತು ಬಂದಂಗಾಗಿತ್ತು, ಒಂದ್ ಗಳಿಗೆ ಕೂತ್ಕೊಂಡೆ. ಸಾಂಬ್ರಾಣಿಗೆ ಕೆಂಡ ಮಾಡ್ಕೊಂಡು ಹೋಗಿ ನೋಡಿದ್ರೆ ಗೋಡೆಗೆ ಒರಗ್ಬಿಟ್ಟವ್ಳೆ. ಕರುದ್ರೂ ಇಲ್ಲ, ಅಲ್ಲಾಡ್ಸುದ್ರೂ ಇಲ್ಲ."

"ಅಳಿಯ ಯಾಕೆ ಬಂದ ಮಧ್ಯ?"

ಅಳಿಯ ದೀಪು ರಸೆಲ್ ಮಾರುಕಟ್ಟೆಯಲ್ಲಿ ಹೂವಿನ ಅಂಗಡಿ ಇಟ್ಟವನು. ಅವನ ಮನೆ ಕೆ.ಆರ್. ಪುರದಲ್ಲಿ. ಹಿಂದಿನ ದಿನ, ಭಾನುವಾರ ಸಂಜೆ, ತನ್ನ ತಾಯಿ ದೊಡ್ಡಮುನಿಯಮ್ಮ ಮಾಡಿದ ಬಾಣಂತಿ ಲೇಹ್ಯವನ್ನು ಸ್ಟೀಲ್ ಡಬ್ಬಿಯಲ್ಲಿ ತಂದಿದ್ದ. ಮಗು ಸೀನುತ್ತಿರುವುದನ್ನು ನೋಡಿ ಅತ್ತೆಯ ಮೇಲೆ ಹರಿಹಾಯ್ದಿದ್ದ. ಹೆಂಡತಿ ಮಗುವನ್ನು ಈಗಲೇ ಕರೆದುಕೊಂಡು ಹೋಗುತ್ತೇನೆಂದು ಕೂಗಾಡಿದ್ದ. ಮೂರು ತಿಂಗಳು ತುಂಬದೆ ಬಾಣಂತಿಯನ್ನು ಕಳಿಸುವವಳಲ್ಲ ಎಂದು ಜಟ್ಟೆಮ್ಮನೂ ಸೆರಗು ಬಿಗಿದು ನಿಂತಿದ್ದಳು. ಓಣಿಯೆಲ್ಲ ಕೇಳುವಂತೆ ಜಗಳವಾಗಿತ್ತು. ಪೂಜಿತಾ ಬೆಳಿಗ್ಗೆ ಸ್ನಾನಕ್ಕೆ ಮುಂಚೆ ಆ ಲೇಹ್ಯ ಒಂದು ಚಮಚ ತಿಂದಿದ್ದಳು.

ಹನ್ನೊಂದೂವರೆಗೆ ಎಫ್‌ಐಆರ್ ಆಯಿತು. ಅಪರಾಧ ಸಂಖ್ಯೆ 118/2025, ಕೊಲೆಯ ಕಲಂ. ಮದುವೆಯಾಗಿ ಏಳು ವರ್ಷದೊಳಗೆ ಹೆಣ್ಣುಮಗಳು ಸತ್ತರೆ ತಹಶೀಲ್ದಾರರ ಎದುರಿಗೇ ಶವ ತನಿಖೆ ನಡೆಯಬೇಕು, ಮರಣೋತ್ತರ ಪರೀಕ್ಷೆ ಆಗಲೇಬೇಕು. ಅದರಲ್ಲಿ ಇನ್ಸ್‌ಪೆಕ್ಟರ್ ದಯೆ ತೋರಿಸುವುದಕ್ಕೆ ಜಾಗವಿಲ್ಲ.

ಮಧ್ಯಾಹ್ನ ಒಂದು ಗಂಟೆಗೆ ಸ್ಥಳ ಪಂಚನಾಮೆ. ಜಟ್ಟೆಮ್ಮನ ಮನೆ ಎಂದರೆ ಒಂದು ಕೋಣೆ, ಒಂದು ಅಡುಗೆ ಮೂಲೆ, ಹಿಂದೆ ನಾಲ್ಕಡಿ ಉದ್ದ ಮೂರೂವರೆ ಅಡಿ ಅಗಲದ ಬಚ್ಚಲು. ಬಚ್ಚಲಿಗೆ ಶೀಟಿನ ಸೂರು. ಗೋಡೆಗೂ ಶೀಟಿಗೂ ನಡುವೆ ಒಂದು ಗೇಣು ಸಂದು. ಆ ಸಂದಿಗೆ ಗೋಣಿಚೀಲ ತುರುಕಿ, ಮೇಲಿಂದ ಯಾರೋ ಪುಢಾರಿಯ ಹುಟ್ಟುಹಬ್ಬದ ಹಳೆಯ ಫ್ಲೆಕ್ಸ್ ಬಿಗಿದು ಮೊಳೆ ಹೊಡೆಯಲಾಗಿತ್ತು. ಪುಢಾರಿ ತಲೆಕೆಳಗಾಗಿ ನಗುತ್ತಿದ್ದ.

"ಇದು ಯಾವಾಗ ಮುಚ್ಚಿದ್ದು?" ಅಂಜನಮೂರ್ತಿ ಕೇಳಿದರು.

"ನಿನ್ನೆ ರಾತ್ರಿ ಸಾರ್. ಗಾಳಿ ಬರುತ್ತೆ, ಶೀತ ಆಗುತ್ತೆ ಅಂತ ತಾನೇ ಅವ್ನು ಕೂಗಾಡಿದ್ದು? ಬಾಣಂತಿಗೆ ಗಾಳಿ ಸೋಕಬಾರ್ದು. ನಾನೇ ಸ್ಟೂಲ್ ಹಾಕ್ಕೊಂಡು ಮುಚ್ಚಿದೆ."

ಪಂಚರ ಸಮಕ್ಷಮ ಮಾರಿಯಾ ಒಂದೊಂದೇ ಬರೆದುಕೊಂಡಳು. ಹಿತ್ತಾಳೆ ಚೊಂಬು ಒಂದು, ಸೀಗೆಪುಡಿ ಡಬ್ಬಿ ಒಂದು, ಅರಿಶಿನದ ಬಟ್ಟಲು ಒಂದು. ಗೋಡೆಯ ಮೇಲೆ ಗ್ಯಾಸ್ ಗೀಸರ್ ಒಂದು, ಅದರ ಸಿಲಿಂಡರ್ ಹೊರಗೆ. ಅದು ಏಳನೆಯ ಬಾಬು. ಎಲ್ಲರ ಕಣ್ಣು ಮಾತ್ರ ಲೇಹ್ಯದ ಡಬ್ಬಿಯ ಮೇಲಿತ್ತು. ಅದನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಅರಗಿನ ಮುದ್ರೆ ಒತ್ತಿದರು.

ಸಂಜೆ ದೀಪುವನ್ನು ಕರೆತಂದು ಕೂರಿಸಿದರು. ಬೆರಳಲ್ಲಿ ಇನ್ನೂ ಸೇವಂತಿಗೆಯ ಹಳದಿ ಇತ್ತು.

"ಲೇಹ್ಯ ಯಾರು ಮಾಡಿದ್ದು?"

"ನಮ್ಮಮ್ಮ."

"ದಾರಿಯಲ್ಲಿ ಡಬ್ಬಿ ಬಿಚ್ಚಿದ್ಯಾ?"

"ಬಿಚ್ಚಿದೆ ಸಾರ್. ಒಂದ್ ಬೆರಳು ತಿಂದೆ. ನಂಗಿಷ್ಟ."

"ಜಗಳ ಯಾಕೆ?"

"ಮಗೂಗೆ ನೆಗಡಿ ಆಗಿತ್ತು. ಬಚ್ಚಲಲ್ಲಿ ಗಾಳಿ ಸುಯ್ ಅಂತಿತ್ತು. ಅದಕ್ಕೇ ಬೈದೆ. ಅಷ್ಟೇ ಸಾರ್. ನನ್ ಹೆಂಡ್ತಿ ಮುಖ ತೋರ್ಸಿ ಸಾರ್, ಒಂದ್ ಸಲ."

ತೋರಿಸಲಿಲ್ಲ. ಅವನು ಬೆಂಚಿನ ಮೇಲೇ ಬೆಳಗು ಮಾಡಿದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ನಮ್ಮ ಠಾಣೆಗಳಿಗೆ ಹೊಸದಲ್ಲ.

ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಶಿವಾಜಿನಗರದ ಶವಾಗಾರದಲ್ಲಿ ತಹಶೀಲ್ದಾರರು ಶವ ತನಿಖೆ ಮುಗಿಸಿ ಸಹಿ ಹಾಕಿ ಹೊರಟರು. ಪರೀಕ್ಷೆ ಮಾಡುವವರು ಡಾಕ್ಟರ್ ಶರ್ಫುನ್ನೀಸಾ, ದಂಡು ಪ್ರದೇಶದಲ್ಲೇ ಹುಟ್ಟಿ ಬೆಳೆದ ಐವತ್ತೈದರ ಹೆಂಗಸು. ಒಂದೂವರೆ ತಾಸಿನ ಮೇಲೆ ಅಂಜನಮೂರ್ತಿಯವರನ್ನು ಒಳಗೆ ಕರೆದರು.

"ಇಲ್ಲಿ ಬನ್ನಿ ಇನ್ಸ್‌ಪೆಕ್ಟರ್. ಉಗುರು ನೋಡಿ. ತುಟಿ ನೋಡಿ. ಇದು ಸತ್ತೋರ ಬಣ್ಣಾನಾ?"

ನೋಡಿದರು. ಉಗುರುಗಳು ಗುಲಾಬಿ ಬಣ್ಣಕ್ಕಿದ್ದವು. ತುಟಿ ಈಗಷ್ಟೇ ತಾಂಬೂಲ ಹಾಕಿದ ಹಾಗಿತ್ತು. ಹತ್ತೊಂಬತ್ತು ದಿನದ ಬಾಣಂತಿ ನಿದ್ದೆ ಹೋದಂತೆ ಮಲಗಿದ್ದಳು.

"ಪೀರಪ್ಪ, ಬೆರಳು ಕೊಡು," ಎಂದರು ಡಾಕ್ಟರ್.

ಶವಾಗಾರದ ಸಹಾಯಕ ಪೀರಪ್ಪ ಯಾಕೆಂದು ಕೇಳದೆಯೇ ತೋರುಬೆರಳು ಚಾಚಿದ. "ನಂದೇ ತಗೊಳ್ಳಿ ಮೇಡಂ. ಅಭ್ಯಾಸ ಆಗೋಗಿದೆ."

ಎರಡು ಗಾಜಿನ ನಳಿಕೆ. ಒಂದರಲ್ಲಿ ನೀರಿಗೆ ಪೀರಪ್ಪನ ರಕ್ತ, ಇನ್ನೊಂದರಲ್ಲಿ ಪೂಜಿತಾಳ ರಕ್ತ. ಎರಡಕ್ಕೂ ಕಾಸ್ಟಿಕ್ ಸೋಡಾದ ಹನಿ ಬಿತ್ತು. ಪೀರಪ್ಪನ ರಕ್ತ ನೋಡನೋಡುತ್ತ ಕೆಸರಿನ ಬಣ್ಣಕ್ಕೆ ತಿರುಗಿತು. ಪೂಜಿತಾಳದು ಕೆಂಪಗೇ ಉಳಿಯಿತು.

"ಲೇಹ್ಯ ಅಲ್ಲ, ಅಳಿಯನೂ ಅಲ್ಲ," ಎಂದರು ಡಾಕ್ಟರ್. "ಬಚ್ಚಲಲ್ಲಿ ಗ್ಯಾಸ್ ಗೀಸರ್ ಇತ್ತಾ?"

"ಇತ್ತು."

"ಕಿಂಡಿ?"

"ಮುಚ್ಚಿದ್ರು. ಹಿಂದಿನ ರಾತ್ರಿ."

"ಅಷ್ಟೇ. ಗ್ಯಾಸ್ ಉರಿಯೋಕೆ ಗಾಳಿ ಬೇಕು. ಎಲ್ಲ ಮುಚ್ಚಿದ್ರೆ ಅರೆಬರೆ ಉರಿಯುತ್ತೆ, ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತೆ. ವಾಸನೆ ಇಲ್ಲ, ಬಣ್ಣ ಇಲ್ಲ, ಕೆಮ್ಮು ಕೂಡ ಬರಲ್ಲ. ರಕ್ತಕ್ಕೆ ಅಂಟ್ಕೊಂಡ್ರೆ ಸುಲಭಕ್ಕೆ ಬಿಡಲ್ಲ. ರಕ್ತ ಕೆಂಪಗೇ ಇರುತ್ತೆ, ಮುಖ ಹೊಳೆಯುತ್ತೆ. ಅದಕ್ಕೇ ಹೆಣ ಹೆಣದ ಥರ ಕಾಣಲ್ಲ."

ಈ ಕೊನೆಯ ಮಾತು ಅಂಜನಮೂರ್ತಿಯವರ ಎದೆಯಲ್ಲಿ ಎಲ್ಲೋ ಚುಚ್ಚಿತು. ಏನೆಂದು ಆಗ ಹೊಳೆಯಲಿಲ್ಲ.

ಡಾಕ್ಟರ್ ಕೈ ತೊಳೆದು, ಮೇಜಿನ ಡ್ರಾಯರಿನಿಂದ ನೋಟ್‌ಪುಸ್ತಕ ತೆಗೆದರು. ನಾಲ್ಕು ವರ್ಷದಿಂದ ಬರೆದಿಟ್ಟದ್ದು. ಊರಿನ ಈ ಮಗ್ಗುಲಲ್ಲಿ ಹೀಗೆ ಸತ್ತವರ ಹೆಸರು, ವಯಸ್ಸು, ಬಚ್ಚಲಿನ ಅಳತೆ, ಕಿಂಡಿ ಇತ್ತೋ ಇಲ್ಲವೋ. ಪೂಜಿತಾ ಹನ್ನೆರಡನೆಯವಳು.

"ಆರೋಗ್ಯದ ಆಫೀಸಿಗೆ ಏಳು ಲೆಟರ್ ಬರ್ದಿದೀನಿ. ಗೀಸರನ್ನ ಬಚ್ಚಲಿಂದ ಹೊರಗೆ ಹಾಕ್ಸಿ, ಮಾರುವಾಗಲೇ ಹೇಳ್ಸಿ, ಬಾಣಂತಿ ಇರೋ ಮನೆಗೆ ಹೋಗೋ ಆಶಾ ಕಾರ್ಯಕರ್ತೆಯರಿಂದ ಕಿಂಡಿ ನೋಡ್ಸಿ ಅಂತ. ಎರಡಕ್ಕೆ ಸ್ವೀಕೃತಿ ಬಂತು. ಕಾಲರಾ ಬಂದ್ರೆ ಒಂದೇ ಬೀದೀಲಿ ಇಪ್ಪತ್ತು ಜನ ಮಲಗ್ತಾರೆ, ಊರೇ ಏಳುತ್ತೆ. ಇದು ಹಾಗಲ್ಲ. ಒಂದೊಂದು ಬಚ್ಚಲಲ್ಲಿ ಒಬ್ಬೊಬ್ಬರೇ. ಸಾವಿನ ಕಾರಣ ಅಂತ ಏನು ಬರೀತಾರೆ? ಕಾಲು ಜಾರಿತು, ಫಿಟ್ಸ್, ಹಾರ್ಟು."

"ಪೊಲೀಸರು ಬರೆಯೋದು," ಎಂದರು ಅಂಜನಮೂರ್ತಿ.

"ನೀವೂ ಬರೀತೀರ, ನಮ್ಮ ಡಾಕ್ಟರ್‌ಗಳೂ ಬರೀತಾರೆ. ಹೆಣ ಕುಯ್ಯೋದು ಸತ್ತೋರಿಗೆ ಮಾಡೋ ಅವಮಾನ ಅಂತ ಜನ ಅನ್ಕೊಂಡಿದಾರೆ. ಅರೆ, ಸತ್ತೋರಿಗೆ ನನ್ನಿಂದ ಏನಾಗಬೇಕು ಹೇಳಿ? ನಾನು ಹುಡುಕೋದು ನಾಳೆ ಅದೇ ಬಚ್ಚಲಿಗೆ ಹೋಗೋರ ಸಲುವಾಗಿ. ನನ್ನ ಟೇಬಲ್‌ಗೆ ಬಂದೋರು ಹನ್ನೆರಡು. ಬರದೇ ಹೋದೋರು ಎಷ್ಟೋ, ಅಲ್ಲಾನೇ ಬಲ್ಲ." ಪುಸ್ತಕ ಮುಚ್ಚುತ್ತ ಕೇಳಿದರು, "ಆ ಗೀಸರ್ ಅವರಿಗೆ ಎಲ್ಲಿಂದ ಬಂತು, ವಿಚಾರಿಸಿ. ಇನ್ನೆಲ್ಲಾದ್ರೂ ಹೀಗೇ ಹಾಕಿದಾರಾ ನೋಡಬೇಕು."

ಮಧ್ಯಾಹ್ನ ಎರಡಕ್ಕೆ ದೀಪುವನ್ನು ಬಿಟ್ಟರು. ಅವನು ಶವಾಗಾರದ ಕಡೆ ಓಡಿದ. ಮೂರು ಗಂಟೆಗೆ ಅಂಜನಮೂರ್ತಿ ಮತ್ತು ಮಾರಿಯಾ ಜಟ್ಟೆಮ್ಮನ ಮನೆಯ ಹೊಸ್ತಿಲಲ್ಲಿ ಕೂತರು. ಒಳಗೆ ಮಗು ಅಳುತ್ತಿತ್ತು, ಪಕ್ಕದ ಮನೆಯ ಹೆಂಗಸು ಒಳಲೆಯಲ್ಲಿ ಹಾಲು ಹಾಕುತ್ತಿದ್ದಳು. ವಿಷಯ ಹೇಳಬೇಕಾಗಿತ್ತು. ಮಾರಿಯಾ ಹೇಳಿದಳು. ತನಗೆ ತಿಳಿದಷ್ಟು ಮೃದುವಾಗಿ, ಜಟ್ಟೆಮ್ಮನ ಎರಡೂ ಕೈ ಹಿಡಿದು ಹೇಳಿದಳು.

ಜಟ್ಟೆಮ್ಮ ತಿರುಗಿ ಬಚ್ಚಲಿನ ಕಡೆ ನೋಡಿದಳು. ಆಮೇಲೆ, "ಹಂಗಾರೆ ಆ ಸಂದು ಮುಚ್ಚಿದ್ದು ನಾನೇ ಅಲ್ವಾ?" ಎಂದಳು.

"ನಿಮಗೆ ಗೊತ್ತಿರ್ಲಿಲ್ಲ," ಎಂದರು ಅಂಜನಮೂರ್ತಿ.

"ಗೊತ್ತಿದ್ದೋರು ಯಾರು ಸಾರ್? ಗೊತ್ತಿದ್ದೋರು ಒಬ್ರಾದ್ರೂ ಹೇಳ್ಬಾರ್ದಾಗಿತ್ತಾ?"

ಅಂಜನಮೂರ್ತಿ ಮುಂದಿನ ಪ್ರಶ್ನೆಗೆ ಹೋದರು. "ಆ ಗೀಸರ್ ಎಲ್ಲಿ ತಗೊಂಡ್ರಿ?"

"ತಗೊಳ್ಳೋ ಯೋಗ್ತಿ ನಮ್ಗೆಲ್ಲಿ ಸಾರ್. ನಾನು ಕೆಲ್ಸಕ್ಕೋಗೋ ಮನೆ ಯಜಮಾನ್ರು ಸುಮ್ನೆ ಕೊಟ್ರು. ಅವ್ರೇ ಬಂದು ಗೋಡೆಗೆ ಹಾಕ್ಕೊಟ್ರು. ದೇವ್ರಂಥೋರು. ಅಮ್ಮಾವ್ರು ಹೋದ್ಮೇಲೆ ಅದನ್ನ ನೋಡೋಕಾಗಲ್ಲ ಅಂದ್ರು."

"ಯಾವ ಅಮ್ಮಾವ್ರು?"

"ರಮಾಮಣಿ ಅಮ್ಮಾವ್ರು. ಅನಂತರಾಮು ಸಾರ್ ಹೆಂಡ್ತಿ. ವೈಕುಂಠ ಏಕಾದಶಿ ದಿವ್ಸ ಹೋದ್ರಲ್ಲ, ಬಚ್ಚಲಲ್ಲೇ. ಅವತ್ತು ನೀವೇ ಬಂದಿದ್ರಿ ಸಾರ್. ಮರೆತೋಯ್ತಾ?"

ಮರೆತಿರಲಿಲ್ಲ. ಎದೆಯಲ್ಲಿ ಚುಚ್ಚಿದ್ದು ಏನೆಂದು ಈಗ ಗೊತ್ತಾಯಿತು.

ಆ ದಿನ ಜನವರಿ 10, ಶುಕ್ರವಾರ. ಬೆಳಿಗ್ಗೆ ಏಳೂಕಾಲಿಗೆ ಇಂದಿರಾನಗರದ ಅಂಚಿನ ಒಂದು ನರ್ಸಿಂಗ್ ಹೋಮಿನಿಂದ ಠಾಣೆಗೆ ಮೆಮೋ ಬಂದಿತ್ತು. ರಮಾಮಣಿ, ಅರವತ್ತೊಂದು ವರ್ಷ, ಸ್ನಾನಕ್ಕೆ ಹೋದವರು ಬಚ್ಚಲಲ್ಲಿ ಬಿದ್ದಿದ್ದಾರೆ, ತರುವಾಗಲೇ ಪ್ರಾಣವಿರಲಿಲ್ಲ. ಅಂಜನಮೂರ್ತಿ ಹೋದಾಗ ಹಾಸಿಗೆಯ ಸುತ್ತ ಅವರ ಮನೆಯಿದ್ದ ಇನ್ಶೂರೆನ್ಸ್ ಕಾಲೊನಿಯ ಹೆಂಗಸರು ನೆರೆದಿದ್ದರು. ಎಲ್ಲರ ಬಾಯಲ್ಲೂ ಒಂದೇ ಮಾತು. "ಮುಖದಲ್ಲಿ ಎಂಥಾ ಕಳೆ ನೋಡ್ರೀ! ವೈಕುಂಠದ ಬಾಗಿಲು ತೆರೆಯೋ ದಿನ, ಮಡಿಯಲ್ಲಿ, ಸುಮಂಗಲಿಯಾಗಿ. ಪುಣ್ಯವಂತೆ." ನಿಜಕ್ಕೂ ಆ ಮುಖ ಕುಂಕುಮ ತೊಳೆದ ನೀರಿನ ಹಾಗೆ ಕೆಂಪಗೆ ಹೊಳೆಯುತ್ತಿತ್ತು. ಅಂಜನಮೂರ್ತಿ ತಮಗರಿವಿಲ್ಲದೆ ಕೈ ಮುಗಿದಿದ್ದರು.

ಗಂಡ ಅನಂತರಾಮು ಬಂದು ಅವರ ಎರಡೂ ಕೈ ಹಿಡಿದುಕೊಂಡಿದ್ದರು. "ಇನ್ಸ್‌ಪೆಕ್ಟರೇ, ಕುಯ್ಯೋದು ಬೇಡ. ಇಂಥ ದಿನ ಹೋದವಳನ್ನ ಕುಯ್ದು ಹೊಲೆದು ಕೊಡಬೇಡಿ. ಅವಳಿಗೆ ಬಿ.ಪಿ. ಇತ್ತು." ಕಾನೂನಿನಲ್ಲಿ ಅನುಮಾನವಿಲ್ಲದಿದ್ದರೆ ಬಿಡುವ ಅವಕಾಶ ಅಧಿಕಾರಿಗಿದೆ. ಮದುವೆಯಾಗಿ ಮೂವತ್ತೇಳು ವರ್ಷ, ಮೈಮೇಲೆ ಒಂದು ಗೀರಿಲ್ಲ, ಗೌರವಸ್ಥ ಮನೆ. ಅಯ್ಯೋ ಪಾಪ ಎನ್ನಿಸಿತು. ಬರೆದುಕೊಟ್ಟರು.

ಮಂಗಳವಾರ ಸಂಜೆ ಆರು ಗಂಟೆಗೆ ಅಂಜನಮೂರ್ತಿ ಅಸಹಜ ಮರಣಗಳ ಕಡತ ತರಿಸಿದರು. ಯುಡಿಆರ್ ಸಂಖ್ಯೆ 2/2025. ತಮ್ಮದೇ ಕೈಬರಹ. ಶವದ ಸ್ಥಿತಿ ಎಂಬಲ್ಲಿ: "ಮುಖ ಕೆಂಪಾಗಿದ್ದು ಶಾಂತವಾಗಿ, ಕಳೆಯಿಂದ ಕೂಡಿರುತ್ತದೆ." ಕೊನೆಯಲ್ಲಿ: "ಹೃದಯಾಘಾತವೆಂದು ಕಂಡುಬಂದಿದ್ದು ಮರಣೋತ್ತರ ಪರೀಕ್ಷೆಯ ಅಗತ್ಯ ಇರುವುದಿಲ್ಲ." ಕಣ್ಣಿಗೆ ರಾಚುವಂತೆ ಕಂಡದ್ದನ್ನು ತಾವೇ ಬರೆದು, ಅದರ ಕೆಳಗೇ ಸಹಿ ಹಾಕಿದ್ದರು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ, ಆರು ತಿಂಗಳ ಮೇಲೆ ಅದನ್ನು ಮತ್ತೆ ಮತ್ತೆ ಓದಿದರು.

ಡಾಕ್ಟರಿಗೆ ಫೋನ್ ಮಾಡಿದರು.

"ಮೇಡಂ, ಜನವರಿಯಲ್ಲಿ ಇದೇ ಗೀಸರ್ ಇದ್ದ ಮನೇಲಿ ಇನ್ನೊಂದು ಸಾವು ಆಗಿದೆ. ಮುಖ ಕೆಂಪಗಿತ್ತು. ನಾನೇ ನೋಡಿದ್ದೆ. ನಿಮ್ಮ ಪುಸ್ತಕದಲ್ಲಿ ಸೇರಿಸ್ಕೊಳ್ಳಿ."

"ಬಾಡಿ?"

"ದಹನ ಆಯ್ತು. ಪೋಸ್ಟ್‌ಮಾರ್ಟಮ್ ಬೇಡ ಅಂತ ಬಿಟ್ಟಿದ್ವಿ."

ಆ ಕಡೆ ಪುಸ್ತಕ ಮುಚ್ಚಿದ ಸದ್ದಾಯಿತು. "ಸೇರಿಸೋಕಾಗಲ್ಲ ಇನ್ಸ್‌ಪೆಕ್ಟರ್. ನಿಮ್ಮ ಕಣ್ಣಿದೆ, ರಕ್ತ ಇಲ್ಲ. ಬೂದಿ ಏನೂ ಹೇಳಲ್ಲ. ಅವತ್ತು ಅವರನ್ನ ನನ್ನ ಹತ್ರ ಕಳಿಸಿದ್ರೆ, ಸಂಜೆಯೊಳಗೆ ಆ ಗೀಸರ್ ನಿಮ್ಮ ಠಾಣೆಯ ಮುದ್ದೆಮಾಲು ಕೋಣೇಲಿರ್ತಿತ್ತು."

ಬೈದಿದ್ದರೆ ಎಷ್ಟೋ ವಾಸಿ ಇತ್ತು. ಡಾಕ್ಟರ್ ಬೈಯಲಿಲ್ಲ, ಫೋನಿಟ್ಟರು.

ಜುಲೈ 17, ಗುರುವಾರ, ಬೆಳಿಗ್ಗೆ ಹನ್ನೊಂದು. ಅನಂತರಾಮು ಬಾಗಿಲು ತೆರೆದು, "ಬನ್ನಿ ಬನ್ನಿ, ಕಾಫಿ ಹಾಕ್ತೀನಿ," ಎಂದರು. ಅರವತ್ತೇಳು ವರ್ಷ. ಸರ್ಕಾರಿ ಕಾರ್ಖಾನೆಯೊಂದರ ಗುಣಮಟ್ಟ ತಪಾಸಣೆ ವಿಭಾಗದಲ್ಲಿ ಮೂವತ್ತನಾಲ್ಕು ವರ್ಷ ದುಡಿದವರು. ಅಲ್ಲಿ ತಯಾರಾದ ಒಂದೊಂದು ಬಿಡಿಭಾಗವೂ ಇವರ ಕೈ ದಾಟಿಯೇ ಹೊರಗೆ ಹೋಗಬೇಕಿತ್ತು. ಮನೆಯಲ್ಲಿ ಒಂದು ಚಮಚವೂ ಜಾಗ ತಪ್ಪಿರಲಿಲ್ಲ.

"ಜಟ್ಟೆಮ್ಮನ ಮಗಳ ವಿಷಯ ಕೇಳಿದ್ರಾ ಸರ್?"

"ಕೇಳ್ದೆ. ಅಳಿಯ ವಿಷ ಹಾಕಿದ್ನಂತೆ. ಛೆ!"

"ವಿಷ ಅಲ್ಲ. ಬಚ್ಚಲಮನೆ ತೋರಿಸ್ತೀರಾ?"

ಅನಂತರಾಮು ಕೈಯಲ್ಲಿದ್ದ ಲೋಟ ಕೆಳಗಿಟ್ಟರು. ಮುಂದೆ ನಡೆದರು. ಬಚ್ಚಲಿನ ಟೈಲಿನಲ್ಲಿ ಬೋಲ್ಟಿನ ನಾಲ್ಕು ತೂತಿಗೆ ಬಿಳಿ ಸಿಮೆಂಟು ಮೆತ್ತಿತ್ತು. ಮೇಲಿನ ಕಿಂಡಿಗೆ ಅಳತೆಗೆ ಕೊಯ್ದ ಗಾಜಿನಂಥ ಹಲಗೆ ಕೂರಿಸಿ, ಅಂಚಿಗೆ ನೂಲಿನಷ್ಟೂ ಸಂದಿಲ್ಲದಂತೆ ಸಿಲಿಕೋನ್ ಎಳೆದಿದ್ದರು. ಅಷ್ಟು ನೇರವಾದ ಗೆರೆ ಯಾವ ಕೂಲಿಯವನೂ ಎಳೆಯುವುದಿಲ್ಲ.

"ಯಾರು ಮಾಡಿದ್ದು ಸರ್?"

"ನಾನೇ. ಡಿಸೆಂಬರಲ್ಲಿ. ಧನುರ್ಮಾಸ, ಅವಳಿಗೆ ಐದು ಗಂಟೆಗೇ ಸ್ನಾನ ಆಗ್ಬೇಕು. ಚಳಿ ಚಳಿ ಅಂತಿದ್ಲು."

"ಗೀಸರ್?"

"ಅದೂ ನಾನೇ ಫಿಟ್ ಮಾಡಿದ್ದು."

"ಜಟ್ಟೆಮ್ಮನಿಗೆ ಯಾಕೆ ಕೊಟ್ರಿ?"

"ನೋಡೋಕಾಗ್ತಿರ್ಲಿಲ್ಲ."

"ಅದರಲ್ಲಿ ತೊಂದರೆ ಇದೆ ಅಂತ ಗೊತ್ತಿತ್ತಾ?"

"ಇಲ್ಲ," ಎಂದರು. ಅಷ್ಟು ಹೇಳುವುದರೊಳಗೆ ಅವರ ಕಣ್ಣು ಹಾಲ್‌ನ ಗೋಡೆಯ ಕಪಾಟಿನ ಕಡೆ ಹೋಗಿ ಬಂತು. ಇಪ್ಪತ್ತೆರಡು ವರ್ಷ ಖಾಕಿ ತೊಟ್ಟವರಿಗೆ ಅಷ್ಟು ಸಾಕು. ಅಲ್ಲಿ ವರ್ಷವಾರು ಜೋಡಿಸಿಟ್ಟ ಡೈರಿಗಳಿದ್ದವು. ಕಾರ್ಖಾನೆಯ ಲಾಗ್ ಬುಕ್ಕಿನ ಅಭ್ಯಾಸ, ನಿವೃತ್ತಿಯಾದರೂ ಹೋಗಿರಲಿಲ್ಲ. ಮಾರಿಯಾ ಪಂಚರನ್ನು ಕರೆದಳು. 2025ರ ಡೈರಿ ತೆಗೆದರು.

"26-1-25, ಭಾನುವಾರ. ಗೀಸರ್ ಪರೀಕ್ಷೆ, ಬಾಗಿಲು ಹಾಕಿಕೊಂಡು. 6.10 ಆನ್. ಜ್ವಾಲೆ ನೀಲಿ. 6.21 ಜ್ವಾಲೆಯ ತುದಿ ಹಳದಿ. 6.24 ತಲೆ ಭಾರ. 6.27 ಕಾಲು ಸೋಲು, ಆಫ್ ಮಾಡಿ ಹೊರಬಂದೆ. ವಾಂತಿ."

ಅದರ ಕೆಳಗೆ, ಬೇರೆ ಪೆನ್ನಿನಲ್ಲಿ: "ವಯಸ್ಸಿನ ಕಾರಣ ಇರಬಹುದು. ತೀರ್ಮಾನ ಬಾಕಿ."

"2-2-25. ಜಟ್ಟೆಮ್ಮನ ಮನೆಯಲ್ಲಿ ಫಿಟ್ ಮಾಡಿದೆ."

"9-2-25. ಜಟ್ಟೆಮ್ಮನನ್ನು ಕೇಳಿದೆ. ನೀರು ಚೆನ್ನಾಗಿದೆ. ತೊಂದರೆ ಇಲ್ಲ."

ಅಲ್ಲಿಂದ ಮುಂದೆ ಪ್ರತಿ ಭಾನುವಾರ. ತೊಂದರೆ ಇಲ್ಲ. ತೊಂದರೆ ಇಲ್ಲ. ಮೇ ತಿಂಗಳಲ್ಲಿ ಒಂದು ಕಡೆ ಹೆಚ್ಚಿನ ಸಾಲು: "ಮಗಳು ಹೆರಿಗೆಗೆ ಬಂದಿದ್ದಾಳೆ. ಅವಳೂ ಅದೇ ಬಳಸುತ್ತಾಳೆ. ತೊಂದರೆ ಇಲ್ಲ." ಮಾರಿಯಾ ಎಣಿಸಿದಳು, ಇಪ್ಪತ್ತಮೂರು ಭಾನುವಾರ. ಕೊನೆಯದು 13-7-25. ಅದರಲ್ಲೂ ತೊಂದರೆ ಇರಲಿಲ್ಲ.

"ಕಡವುಳೇ," ಎಂದು ಮಾರಿಯಾ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು.

"ನಿಮಗೇ ವಾಂತಿ ಆಗಿದೆ. ಆಮೇಲೂ ಅದನ್ನ ಒಬ್ಬ ಬಡ ಹೆಂಗಸಿನ ಮನೆಗೆ ಹಾಕಿದ್ರಿ," ಎಂದರು ಅಂಜನಮೂರ್ತಿ. ಜೀವಮಾನದಲ್ಲಿ ಮೊದಲ ಸಲ ಅವರ ಧ್ವನಿ ಏರಿತ್ತು. "ಎಸೀಬಹುದಿತ್ತಲ್ಲ ಸರ್! ಗುಜರಿಗೆ ಹಾಕ್ಬಹುದಿತ್ತಲ್ಲ!"

ಅನಂತರಾಮು ಬಚ್ಚಲಿನ ಬಾಗಿಲಿಗೆ ಒರಗಿ ನಿಂತರು. "ಎಸೆದ್ರೆ ಅದು ಕೆಟ್ಟ ಪೀಸು ಅಂತ ಒಪ್ಕೊಂಡ ಹಾಗೆ ಇನ್ಸ್‌ಪೆಕ್ಟರೇ. ಅದನ್ನ ಹಾಕಿದ್ದು ನಾನು. ಕಿಂಡಿ ಮುಚ್ಚಿದ್ದು ನಾನು. ಅದು ಕೆಟ್ಟದ್ದಾದ್ರೆ..." ಸುಧಾರಿಸಿಕೊಂಡು ಹೇಳಿದರು, "ಅಲ್ಲಿ ಚೆನ್ನಾಗಿ ನಡೀತು ಅಂದ್ರೆ ಇಲ್ಲಿ ಆದದ್ದು ಅದರಿಂದ ಅಲ್ಲ ಅಂತಾಯ್ತಲ್ಲ. ಪ್ರತಿ ಭಾನುವಾರ ಕೇಳ್ತಿದ್ದೆ. ಚೆನ್ನಾಗಿದೆ ಸಾರ್ ಅಂತಿದ್ಲು. ಅವತ್ತೊಂದು ರಾತ್ರಿ ನಿದ್ದೆ ಬರ್ತಿತ್ತು ನನಗೆ."

ಇಷ್ಟೇ ಕಾರಣ. ದುರಾಸೆಯಿಲ್ಲ, ಹಗೆಯಿಲ್ಲ. ಹೆಂಡತಿಯನ್ನು ಕೊಂದದ್ದು ತನ್ನ ಕೈಯಲ್ಲ ಎಂದು ಯಾರಾದರೂ ಹೇಳಲೆಂದು ಒಬ್ಬ ಮುದುಕ ಆ ಯಂತ್ರವನ್ನು ಇನ್ನೊಬ್ಬರ ಬಚ್ಚಲಿನಲ್ಲಿ ಪರೀಕ್ಷೆಗಿಟ್ಟಿದ್ದ. ಬಡವರ ಮನೆಯ ಹರಕು ಸೂರಿನ ಸಂದು ಐದು ತಿಂಗಳು ಅವನ ಮಾನ ಕಾಪಾಡಿತ್ತು.

ಮಧ್ಯಾಹ್ನ ನಾಲ್ಕು ಇಪ್ಪತ್ತಕ್ಕೆ ಠಾಣೆಯಲ್ಲಿ ದಸ್ತಗಿರಿ ಆಯಿತು. ಕೊಲೆಯ ಕಲಂ ತೆಗೆದು, ಸಾವು ಸಂಭವಿಸಬಹುದೆಂಬ ಅರಿವಿದ್ದೂ ಮಾಡಿದ ನರಹತ್ಯೆಯ ಕಲಂ ಹಾಕಲು ನ್ಯಾಯಾಲಯಕ್ಕೆ ಬರೆದರು. ಊರಿಂದಾಚೆ ಇದ್ದ ಮಗ ಶ್ರೀಹರಿಗೆ ಫೋನಿನಲ್ಲಿ ತಿಳಿಸಿದರು. ಅನಂತರಾಮು ದಸ್ತಗಿರಿ ಪತ್ರವನ್ನು ಕನ್ನಡಕ ಹಾಕಿಕೊಂಡು ಮೊದಲಿನಿಂದ ಕೊನೆಯವರೆಗೆ ಓದಿದರು. ಒಂದು ಕಡೆ ದಿನಾಂಕ ತಪ್ಪಿತ್ತು, ಬೆರಳಿಟ್ಟು ತೋರಿಸಿದರು. ಮಾರಿಯಾ ತಿದ್ದಿದಳು. ಸಹಿ ಹಾಕಿ ಪೆನ್ನು ಮುಚ್ಚಿದರು.

"ಹಾಗಾದ್ರೆ ರಮಾನೂ ಅದರಿಂದಲೇನಾ?" ಎಂದು ಕೇಳಿದರು.

"ಗೊತ್ತಿಲ್ಲ ಸರ್."

"ಡಾಕ್ಟರ್ ಹೇಳ್ತಾರಾ?"

"ಇನ್ನು ಯಾರೂ ಹೇಳೋಕಾಗಲ್ಲ."

"ಅವತ್ತು ನೋಡಿದ್ರೆ ಗೊತ್ತಾಗ್ತಿತ್ತಾ?"

"ಆಗ್ತಿತ್ತು. ಸಂಜೆಯೊಳಗೆ."

ಅನಂತರಾಮು ತಲೆಯಾಡಿಸಿದರು. ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸತೊಡಗಿದರು. ಒರೆಸುತ್ತಲೇ ಇದ್ದರು. ಆಮೇಲೆ, ದೂರಿನ ಧ್ವನಿಯೇ ಇಲ್ಲದೆ, ತಮ್ಮ ತಪಾಸಣೆ ಮೇಜಿಗೆ ಬಂದ ಬಿಡಿಭಾಗದ ಬಗ್ಗೆ ವಿಚಾರಿಸುವವರಂತೆ ಕೇಳಿದರು: "ನಾನು ಕೈ ಹಿಡ್ಕೊಂಡು ಬೇಡಿದ್ದು ನಿಜ. ಹೆಂಡತಿ ಸತ್ತೋನು ಏನು ಬೇಕಾದ್ರೂ ಬೇಡ್ತಾನೆ. ನೀವ್ಯಾಕೆ ಒಪ್ಕೊಂಡ್ರಿ?"

ಮಾರಿಯಾ ಅನಂತರಾಮು ಅವರನ್ನು ತೋಳು ಹಿಡಿದು ಒಳಗೆ ಕರೆದೊಯ್ದಳು.

ಜಟ್ಟೆಮ್ಮ ಅಂದೇ ಸಂಜೆ ಠಾಣೆಯ ಮುಂದೆ ಬಂದು ಕೂತಿದ್ದಳು, ಮಡಿಲಲ್ಲಿ ಮಗು. ಯಜಮಾನರನ್ನು ಹಿಡಿದರಂತೆ ಎಂದು ಯಾರೋ ಹೇಳಿದ್ದರು. ಒಳಗೆ ಬಾ ಎಂದರೆ ಬರಲಿಲ್ಲ, ಮನೆಗೆ ಹೋಗು ಎಂದರೆ ಹೋಗಲಿಲ್ಲ. ಕಿಟಕಿಯಿಂದ ಅವಳು ಕಾಣುತ್ತಿದ್ದಳು. ಅಂಜನಮೂರ್ತಿ ಕೇಸ್ ಡೈರಿ ಎಳೆದುಕೊಂಡು ಬರೆದರು:

"ದಿನಾಂಕ 10-1-2025ರಂದು ರಮಾಮಣಿ ಎಂಬುವರ ಮರಣೋತ್ತರ ಪರೀಕ್ಷೆ ನಡೆಸಿದ್ದಲ್ಲಿ ಪೂಜಿತಾಳ ಸಾವು ಸಂಭವಿಸುತ್ತಿರಲಿಲ್ಲ. ಪರೀಕ್ಷೆಯ ಅಗತ್ಯವಿಲ್ಲವೆಂದು ತೀರ್ಮಾನಿಸಿದ ಅಧಿಕಾರಿ ನಾನೇ ಆಗಿರುತ್ತೇನೆ. ಯುಡಿಆರ್ 2/2025ರ ಪ್ರತಿಯನ್ನು ಮೇಲಧಿಕಾರಿಗಳ ಅವಗಾಹನೆಗೆ ಲಗತ್ತಿಸಿದೆ."

ಸಹಿ ಹಾಕಿ, ಕೆಳಗೆ ಸಮಯ ನಮೂದಿಸಿದರು: ಸಂಜೆ 6.10. ಮಗು ಎಚ್ಚರವಾಗಿ ಹಸಿವಿಗೆ ಅಳತೊಡಗಿತ್ತು.